ಗುಡಿಸಿಟ್ಟ ಕಾಡು

ಸೊಸೆಹಕ್ಕಿಯನ್ನು ನೋಡದವರು ನಮ್ಮ ಲುಸೇರೊದಲ್ಲಿ ಯಾರೂ ಇಲ್ಲ. ಹಾಗಂತ ಎಲ್ಲರೂ ಹೇಳುತ್ತಾರೆ. ಬೈಬಲ್ ಮುಟ್ಟಿ ಹೇಳಿ ನೋಡೋಣ ಎಂದರೆ ಮಾತ್ರ ಒಬ್ಬೊಬ್ಬರಿಗೂ ಕೆಮ್ಮು ಬರುತ್ತದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾನು ಆ ಹಕ್ಕಿಯ ಬೆನ್ನು ಕಂದು, ಹೊಟ್ಟೆ ಬಿಳಿ ಎಂದು ಕರಿಹಲಗೆಯ ಮೇಲೆ ಬರೆದು, ತಪ್ಪು ಬರೆದವರ ಕಿವಿ ಹಿಂಡಿದ್ದೇನೆ. ನಾನೂ ಅದನ್ನು ನೋಡಿದವನಲ್ಲ. ನೋಡಿದವಳು ಊರಿಗೆಲ್ಲ ಒಬ್ಬಳೇ, ತೀರಿಹೋದ ನನ್ನ ಅಣ್ಣನ ಹೆಂಡತಿ ಕಸಂದಿ.

ಆ ಹಕ್ಕಿಯ ಸ್ವಭಾವವೇ ಹಾಗೆ. ಮರದ ತುದಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಹಾಡುವ ಜಾತಿಯಲ್ಲ. ಕಾಡಿನ ಬುಡದಲ್ಲಿ, ಮೊಣಕಾಲೆತ್ತರದ ಮಬ್ಬಿನಲ್ಲಿ, ಕೊಳೆತ ಎಲೆಗಳ ಮೇಲೆ ಓಡಾಡಿಕೊಂಡಿರುತ್ತದೆ. ಸಿಯಾಫು ಇರುವೆಗಳ ದಂಡು ಹೊರಟಿತೆಂದರೆ ಎಲೆಯಡಿಯ ಹುಳುಹುಪ್ಪಟೆಯೆಲ್ಲ ಜೀವ ಉಳಿಸಿಕೊಳ್ಳಲು ಹೊರಗೆ ಓಡುತ್ತವಲ್ಲ, ಈ ಹಕ್ಕಿ ದಂಡಿನ ಜೊತೆಗೇ ತಲೆ ತಗ್ಗಿಸಿ ನಡೆದು ಅವನ್ನು ಹೆಕ್ಕಿಕೊಳ್ಳುತ್ತದೆ. ಮನುಷ್ಯರ ಸದ್ದಾದರೆ ಪೊದೆಯೊಳಗೆ ಮಾಯ. ಮಾವನ ಎದುರು ಬೀಳಬಾರದೆಂದು ನಮ್ಮ ಸೊಸೆಯಂದಿರು ದಾರಿ ಬಿಟ್ಟು ಪೊದೆಯ ಮರೆಗೆ ಸರಿಯುತ್ತಿದ್ದರಲ್ಲ, ಥೇಟ್ ಹಾಗೆ. ಅದಕ್ಕೇ ಆ ಹೆಸರು. ಈಗಿನ ಸೊಸೆಯಂದಿರು ಮಾವನ ಎದುರೇ ಕಾಲ ಮೇಲೆ ಕಾಲು ಹಾಕಿಕೊಂಡು ಫೋನಿನಲ್ಲಿ ನಗುತ್ತಾರೆ. ಹಳೆಯ ಮರ್ಯಾದೆ ಉಳಿಸಿಕೊಂಡಿರುವುದು ಈ ಹಕ್ಕಿಯೊಂದೇ.

ಹೋದ ವರ್ಷ ನಮ್ಮೂರ ಮೂಲೆಕಾಡಿನ ಹಣೆಬರಹ ಈ ಹಕ್ಕಿಯ ಮೇಲೆ ಬಂದು ನಿಂತಿತು. ಮೂಲೆಕಾಡು ಅಂದರೆ ಕಕಮೆಗದ ದೊಡ್ಡ ಕಾಡು ನಮ್ಮ ಹೊಲಗಳ ಕಡೆ ಚಾಚಿದ ಒಂದು ನಾಲಿಗೆ. ಕಬ್ಬಿನವರು ಬಂದು, ಹಗ್ಗ ಹಿಡಿದು ಅಳೆದು, ಕೆಂಪು ಬಣ್ಣದ ಗೂಟ ಹೊಡೆದು ಹೋಗಿದ್ದರು. ಅಷ್ಟರಲ್ಲಿ ದೊಡ್ಡ ಓದು ಓದುವ ಇಬ್ಬರು ಹುಡುಗಿಯರು ಬಂದು, ಕಸಂದಿಯ ಜೊತೆ ನಾಲ್ಕು ದಿನ ಕಾಡಲ್ಲಿ ಕೂತು, ಹಕ್ಕಿಯ ಸೀಟಿಯನ್ನು ಯಂತ್ರದಲ್ಲಿ ಹಿಡಿದುಕೊಂಡು ಹೋಗಿ ಅರಣ್ಯ ಇಲಾಖೆಯ ಮೇಲಿನ ಕಚೇರಿಗೆ ಬರೆದರು. ಅಲ್ಲಿಂದ ಕಾಗದ ಬಂತು. ಹಕ್ಕಿ ಇರುವುದು ನಿಜವಾದರೆ ಮೂಲೆಕಾಡು ಕಾಡಾಗಿಯೇ ಉಳಿಯುತ್ತದೆ, ಇಲ್ಲವಾದರೆ ಕಬ್ಬಿಗೆ ಹೋಗುತ್ತದೆ. ನಿರ್ದೇಶಕ ಡಾಕ್ಟರ್ ಕಲೂಮೆಯವರು ನೈರೋಬಿಯಿಂದ ಖುದ್ದು ಬಂದು, ಕಣ್ಣಾರೆ ನೋಡಿ, ನಿಂತಲ್ಲೇ ಸಹಿ ಹಾಕುತ್ತಾರೆ.

ಆ ಕಾಗದ ಓದಿ ಹೇಳಿದಾಗ ಕಸಂದಿ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡಳು. ಅಣ್ಣ ಹೋದ ಮೇಲೆ ಅವಳು ಮೂರು ಹೆಣ್ಣುಮಕ್ಕಳನ್ನು ಸಾಕಿದ್ದು ಮೂಲೆಕಾಡಿನ ಅಣಬೆ, ಸೊಪ್ಪು, ಔಷಧಿಯ ಬೇರುಗಳಿಂದ. ಮಕ್ಕಳೆಲ್ಲ ಮದುವೆಯಾಗಿ ಹೋದ ಮೇಲೂ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಕೂತು ಬರುವುದನ್ನು ಬಿಟ್ಟಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ನನ್ನ ಹತ್ರ ಏನೂ ಕೇಳ್ದೆ ನನ್ನ ಜೊತೆ ಇರೋ ಜೀವ ಅದೊಂದೇ ಕಣೋ" ಅಂದಿದ್ದಳು.

ನಮ್ಮೂರಲ್ಲಿ ಕಾಡು ಮತ್ತು ಅಭಿವೃದ್ಧಿ ಸಮಿತಿ ಎಂಬುದೊಂದಿದೆ. ಅದಕ್ಕೆ ನಾನು ಹದಿನೇಳು ವರ್ಷದಿಂದ ಕಾರ್ಯದರ್ಶಿ. ಚೇರ್ಮನ್ ಶಿಮೆಂಗ. ಕಾಳಗದ ಹೋರಿ ಸಾಕಿದವನು, ಹೋರಿಯ ಹಾಗೆಯೇ ತಲೆ ಮುಂದಿಟ್ಟು ಮಾತಾಡುವವನು. ಅತಿಥಿಯ ಸ್ವಾಗತಕ್ಕೆಂದು ಸಭೆ ಸೇರಿ ಮೊದಲ ಅರ್ಧ ಗಂಟೆಯಲ್ಲಿ ಆರು ಉಪಸಮಿತಿ ಮಾಡಿದೆವು. ಶಾಮಿಯಾನಕ್ಕೆ, ಕುರ್ಚಿಗೆ, ಅಡುಗೆಗೆ, ಡೋಲು ಕುಣಿತಕ್ಕೆ, ಧ್ವನಿವರ್ಧಕಕ್ಕೆ, ಕಾರು ನಿಲ್ಲಿಸುವುದಕ್ಕೆ. ಹಕ್ಕಿಗೆ ಉಪಸಮಿತಿ ಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಹಿಂದಿನ ಬೆಂಚಿನಿಂದ ಕಸಂದಿ ಎದ್ದು ನಿಂತಳು.

"ನಂದೊಂದು ಮಾತು. ಅವರು ಬೆಳಿಗ್ಗೆ ಆರಕ್ಕೆ ಬರ್ಲಿ. ಮೂರು ಜನಕ್ಕಿಂತ ಜಾಸ್ತಿ ಬೇಡ. ಹಿಂದಿನ ದಿನವೇ ಸಿಯಾಫು ಎಲ್ಲಿ ಇಳಿದಿದೆ ಅಂತ ನಾನು ನೋಡಿಟ್ಟಿರ್ತೀನಿ. ಬಿದ್ದ ಮರದ ಮೇಲೆ ಕೂತು ಬಾಯಿ ಮುಚ್ಕೊಂಡಿದ್ರೆ ಸೊಸೆ ತಾನಾಗೇ ಬರ್ತಾಳೆ."

ಸಭೆ ನಕ್ಕಿತು.

"ಕಸಂದಿಯಕ್ಕ," ಶಿಮೆಂಗ ಹೇಳಿದ, "ನೈರೋಬಿಯಿಂದ ಬರೋ ದೊಡ್ಡ ಮನುಷ್ಯನ್ನ ಕೊಳೆತ ಮರದ ಮೇಲೆ ಕೂರಿಸಿ ಬಾಯಿ ಮುಚ್ಕೊಳ್ಳಿ ಅನ್ನೋದಾ? ಅಷ್ಟಕ್ಕೆ ನಾನ್ಯಾಕೆ ಚೇರ್ಮನ್ ಆಗ್ಬೇಕಿತ್ತು?"

"ಡೋಲು ಹೊಡೆದ್ರೆ ಅದು ಬರಲ್ಲ ಶಿಮೆಂಗ."

"ಬರುತ್ತೆ ಬಿಡಿ. ಊರಿಗೆ ಬಂದವಳು ನೀರಿಗೆ ಬರಲ್ವಾ?"

ಆಗ ಎದ್ದದ್ದು ಶಿಮೆಂಗನ ಹೆಂಡತಿ ಮುಹೋಂಜ, ಮಹಿಳಾ ಸಂಘದ ಅಧ್ಯಕ್ಷೆ. "ನಾನೊಂದು ಕೇಳ್ತೀನಿ. ಆ ಕಾಡು ಹಕ್ಕಿ ಮನೆ ಹೌದೋ ಅಲ್ವೋ?"

"ಹೌದು," ಎಂದಿತು ಸಭೆ.

"ನೆಂಟರು ಬರೋ ದಿನ ಅಂಗಳ ಗುಡಿಸ್ದೆ ಬಿಡೋ ಮನೆ ನಮ್ಮೂರಲ್ಲಿ ಯಾವುದಿದೆ? ನಿನ್ನೆ ಹೋಗಿ ನೋಡ್ಕೊಂಡು ಬಂದೆ. ಮೊಣಕಾಲುದ್ದ ತರಗೆಲೆ. ಲುಸೇರೊ ಹೆಂಗಸರಿಗೆ ಪೊರಕೆ ಹಿಡಿಯೋಕೆ ಬರಲ್ಲ ಅಂದ್ಕೊಂಡು ಹೋಗ್ಬೇಕಾ ಅವರು?"

ಸಭೆಯಲ್ಲಿ ನಗು ನಿಂತುಹೋಯಿತು. ಅಂಗಳದ ಮಾತು ಬಂದರೆ ನಮ್ಮಲ್ಲಿ ಯಾರೂ ನಗುವುದಿಲ್ಲ. ಹೆಣ್ಣು ನೋಡಲು ಹೋದವರು ನಾವು, ಮೊದಲು ಹುಡುಗಿಯ ಮುಖ ನೋಡುವುದಿಲ್ಲ, ಅವಳ ಅಂಗಳ ನೋಡುತ್ತೇವೆ. ಪೊರಕೆಯ ಗೆರೆ ಸಾಲಾಗಿ ಮೂಡಿರಬೇಕು. ಒಂದು ಎಲೆ, ಒಂದೆಸಳು ಹುಲ್ಲು ಇರಬಾರದು. ಗುಡಿಸದ ನೆಲದ ಮೇಲೆ ಅತಿಥಿಯನ್ನು ನಿಲ್ಲಿಸುವುದೂ ಒಂದೇ, ಅವನ ಕೆನ್ನೆಗೆ ಬಾರಿಸುವುದೂ ಒಂದೇ. ಎಲ್ಲರೂ ತಲೆದೂಗಿದರು. ಸುಳ್ಳೇಕೆ ಹೇಳಲಿ, ನನ್ನ ತಲೆಯೂ ತೂಗಿತು.

"ಅದು ಕಸ ಅಲ್ಲ ಕಣೇ ಮುಹೋಂಜ," ಎಂದಳು ಕಸಂದಿ. "ಅದು ಅವಳ ಅಡುಗೆಮನೆ. ಎಲೆ ಇಲ್ದಿದ್ರೆ ಹುಳ ಇಲ್ಲ. ಹುಳ ಇಲ್ದಿದ್ರೆ ಸಿಯಾಫು ಇಲ್ಲ. ಸಿಯಾಫು ಇಲ್ದಿದ್ರೆ ಸೊಸೆ ಎಲ್ಲಿಂದ ಬರ್ತಾಳೆ?"

"ಸಿಯಾಫು ಅಂದ್ರಲ್ಲ, ಒಳ್ಳೇದೇ ನೆನಪು ಮಾಡಿದ್ರಿ," ಎಂದ ಶಿಮೆಂಗ. "ಮೇಷ್ಟ್ರೇ, ಬರ್ಕೊಳ್ಳಿ. ಸಾಹೇಬರ ಪ್ಯಾಂಟಿನೊಳಗೆ ಒಂದು ಸಿಯಾಫೂ ಹೋಗ್ಬಾರ್ದು. ಇರುವೆ ದಾರಿಗೆ ಸುರಿಯೋಕೆ ಮನೆಗೊಂದು ಬುಟ್ಟಿ ಬೂದಿ."

ನಾನು ಬರೆದುಕೊಂಡೆ.

ಸಭೆ ಮುಗಿದ ಮೇಲೆ ಕಸಂದಿ ನನ್ನ ಹಿಂದೆಯೇ ಬಂದಳು. "ಲಿಹಂದಾ, ನನ್ನ ಮಾತು ಇವರ ತಲೆಗೆ ಹೋಗಲ್ಲ. ನೀನು ಓದಿದವನು. ನೀನು ಹೇಳಿದ್ರೆ ಕೇಳ್ತಾರೆ. ಒಂದು ಮಾತು ಹೇಳೋ."

"ಸಭೆ ತೀರ್ಮಾನ ಆಗೋಯ್ತಲ್ಲ ಅತ್ತಿಗೆ. ನಡಾವಳಿಗೆ ಏರಿದೆ."

"ನಡಾವಳಿಗೆ ಏರಿಸಿದ್ದು ಯಾರು?"

ನನ್ನ ಹತ್ತಿರ ಇದ್ದ ಉತ್ತರ ಹೇಳುವಂಥದ್ದಾಗಿರಲಿಲ್ಲ. ಏನೆಂದರೆ, ವಂದನಾರ್ಪಣೆಯ ಭಾಷಣ ನನಗೆ ಕೊಡುವುದಾಗಿ ಶಿಮೆಂಗ ಒಪ್ಪಿದ್ದ. ನಿವೃತ್ತನಾದಾಗಿನಿಂದ ಧ್ವನಿವರ್ಧಕದ ಮುಂದೆ ನಿಂತವನಲ್ಲ ನಾನು. ಹನ್ನೊಂದು ವರ್ಷ. ಸೊಸೆಹಕ್ಕಿಯ ನಾಚಿಕೆಯನ್ನು ನಮ್ಮ ಹಿರಿಯರ ಸಂಸ್ಕಾರಕ್ಕೆ ಹೋಲಿಸಿ ಏಳು ಪುಟ ಬರೆದಿಟ್ಟಿದ್ದೆ. ಶಿಮೆಂಗನಿಗೆ ಎದುರು ಮಾತಾಡಿದರೆ ಆ ಏಳು ಪುಟ ಒಲೆಗೇ ಸರಿ. ಹೀಗೆ ನಾಚಿಕೆಯ ಮೇಲೆ ಭಾಷಣ ಮಾಡುವ ಆಸೆಗೆ ನಾನು ನಾಚಿಕೆ ಬಿಟ್ಟೆ.

ಎರಡು ದಿನ ನಲವತ್ತು ಹೆಂಗಸರು ಮೂಲೆಕಾಡು ಗುಡಿಸಿದರು. ಗಂಡಸರು ಮುಂದೆ ಮುಂದೆ ಮಚ್ಚು ಹಿಡಿದು ಪೊದೆ, ಬಳ್ಳಿ, ಸಣ್ಣ ಗಿಡ ಸವರಿಕೊಂಡು ಹೋದರು. ನೂರಾರು ವರ್ಷ ಒಂದರ ಮೇಲೊಂದು ಬಿದ್ದು ಮೆತ್ತಗಾಗಿದ್ದ ಎಲೆಯ ಹಾಸು ಬುಟ್ಟಿ ಬುಟ್ಟಿಯಾಗಿ ಹೊರಗೆ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಲೆಯಡಿಯಿಂದ ಎದ್ದ ಸಿಯಾಫುಗಳು ಹೆಂಗಸರ ಕಾಲು ಕಚ್ಚಿದವು. ಅವರು ಬೈದುಕೊಂಡು ಬೂದಿ ಸುರಿದರು. ಎರಡನೆಯ ಸಂಜೆ ಹೊತ್ತಿಗೆ ಕಾಡಿನ ನೆಲ ಮುಹೋಂಜಳ ಅಂಗಳಕ್ಕಿಂತ ಚೊಕ್ಕವಾಗಿತ್ತು. ಪೊರಕೆಯ ಗೆರೆ ಮರದಿಂದ ಮರಕ್ಕೆ ಸಾಲಾಗಿ ಹೋಗಿತ್ತು. ಸಾಲದ್ದಕ್ಕೆ ಮರದ ಬುಡಗಳಿಗೆಲ್ಲ ಸೊಂಟದೆತ್ತರ ಸುಣ್ಣ. ದೊಡ್ಡವರು ಬರುವಾಗ ಸುಣ್ಣ ಬಳಿಯದ ಕಲ್ಲೂ ಮರವೂ ನಮ್ಮ ಕಡೆ ಇರಬಾರದು.

ದಾರಿಯ ಬಾಯಲ್ಲಿ ಒಂದು ಫಲಕ ನೆಟ್ಟೆವು. ಬರೆದವನು ಹೋಟೆಲಿನ ಗೋಡೆಗಳಿಗೆ ಕೋಳಿ ಬರೆದು ಕೈ ಪಳಗಿದವನು. ಹಕ್ಕಿ ಹೇಗಿರುತ್ತದೆ ಎಂದು ಕಸಂದಿಯನ್ನು ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ. ಕಂದು ಬೆನ್ನು, ಬಿಳಿ ಹೊಟ್ಟೆ ಎಂದು ನಾನೇ ಹೇಳಿದೆ. ಬಣ್ಣ ಸರಿಯಾಗಿಯೇ ಬಂತು. ಮಿಕ್ಕದ್ದೆಲ್ಲ ಕೋಳಿ.

ಅತಿಥಿ ಹತ್ತು ಗಂಟೆಗೆ ಬರುವವರು ಎರಡೂ ಇಪ್ಪತ್ತಕ್ಕೆ ಬಂದರು. ಅಷ್ಟರಲ್ಲಿ ಡೋಲಿನವರು ನಾಲ್ಕು ಸಲ ತಾಲೀಮು ಮಾಡಿ ಕೈ ಸೋತು ಕೂತಿದ್ದರು, ಅಡುಗೆಯವರಿಗೆ ಬೇರೆಯೇ ತಲೆಬೇನೆ. ಅತಿಥಿಯ ಊಟಕ್ಕೆ ಮನೆಗೊಂದು ಕೋಳಿಯಂತೆ ವಂತಿಗೆ ಎತ್ತಿದ್ದರು. ಕಸಂದಿಯ ಪಾಲಿನದು ಒಂದು ಹ್ಯಾಟೆ, ಕಂದು ಬೆನ್ನಿನದು, ಹೊಟ್ಟೆ ಬಿಳಿ. ಕತ್ತಿಗೆ ಕುತ್ತಿಗೆ ಕೊಡುವ ಹೊತ್ತಿಗೆ ಮುಹೋಂಜಳ ಕೈಯಿಂದ ಜಾರಿಕೊಂಡು ಅದು ಕಾಡಿನ ಕಡೆ ಓಡಿಹೋಗಿತ್ತು. ಅದರ ಬದಲಿಗೆ ಶಿಮೆಂಗನ ಸ್ವಂತ ಹುಂಜವೇ ಪಾತ್ರೆಗೆ ಬೀಳಬೇಕಾಯಿತು. ಅವನ ಮುಖ ಆಗಿನಿಂದಲೇ ಸ್ವಲ್ಪ ಇಳಿದಿತ್ತು.

ಡಾಕ್ಟರ್ ಕಲೂಮೆ ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಎಲ್ಲರ ಕೈ ಕುಲುಕಿದರು, ಜೋಳದ ಮುದ್ದೆಯನ್ನು ಕೈಯಲ್ಲೇ ಮುರಿದು ಉಂಡರು. ಕೋಳಿಯ ಇಮೊಂಡೊ, ಅಂದರೆ ಕಾಳು ಅರೆಯುವ ಆ ಗಟ್ಟಿ ತುಂಡು, ನಮ್ಮಲ್ಲಿ ಅತಿ ದೊಡ್ಡ ಅತಿಥಿಗೆ ಮಾತ್ರ ಸಲ್ಲುವುದು. ಅದನ್ನು ತಟ್ಟೆಯಲ್ಲಿಟ್ಟಾಗ ಅರ್ಥ ಮಾಡಿಕೊಂಡು ತಲೆಬಾಗಿ ತೆಗೆದುಕೊಂಡರು. ಆದರೆ ಹಕ್ಕಿ ಅವರ ವಿಷಯವಲ್ಲ. ಅವರು ಡಾಕ್ಟರಾದದ್ದು ಹಣಕಾಸಿನಲ್ಲಿ ಎಂದು ಅವರ ಚಾಲಕ ನನಗೆ ಹೇಳಿದ. ಐದು ಗಂಟೆಗೆ ಅವರಿಗೆ ಇನ್ನೊಂದು ಊರಲ್ಲಿ ಇನ್ನೊಂದು ಫಲಕ ಕಾದಿತ್ತು.

ಊಟವಾದ ಮೇಲೆ ಕಾಡಿಗೆ ಹೊರಟೆವು. ಫಲಕದ ಮುಂದೆ ಅತಿಥಿ ಒಂದು ನಿಮಿಷ ನಿಂತು ಚಿತ್ರವನ್ನು ಗಮನವಿಟ್ಟು ನೋಡಿದರು. ಮುಂದೆ ಕಸಂದಿ, ಅವಳ ಹಿಂದೆ ಅತಿಥಿ, ಶಿಮೆಂಗ, ನಾನು. ನಮ್ಮ ಹಿಂದೆ ಇಡೀ ಊರು.

ಒಳಗೆ ಕಾಲಿಟ್ಟವನೇ ಕಣ್ಣಿಗೆ ಕೈ ಅಡ್ಡ ಹಿಡಿದೆ. ಎಂಥ ಬೆಳಕು. ಬಾಲ್ಯದಿಂದ ನಾನು ಕಂಡಿದ್ದ ಮೂಲೆಕಾಡಿನಲ್ಲಿ ಹಗಲಿಗೂ ಒಂದು ಮಬ್ಬಿರುತ್ತಿತ್ತು. ಈಗ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯುತ್ತಿತ್ತು. ಬಿಳಿ ಕಾಲುಚೀಲ ಹಾಕಿಕೊಂಡು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಮರಗಳು ನಿಂತಿದ್ದವು. ಒಂದು ಜೀರುಂಡೆಯ ಸದ್ದೂ ಇರಲಿಲ್ಲ.

ಕಸಂದಿ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ತುಟಿ ಸಣ್ಣಗೆ ಮಾಡಿ ಸೀಟಿ ಹಾಕಿದಳು. ಒಂದೇ ಎಳೆ, ಕೊನೆಯಲ್ಲಿ ಇಳಿಯುವುದು. ಕಾದಳು. ಮತ್ತೆ ಹಾಕಿದಳು. ಮೂರನೆಯ ಸಲ ಹಾಕುವಾಗ ಉಸಿರು ಸಾಲದೆ ಸೀಟಿ ನಡುವೆಯೇ ಮುರಿಯಿತು. ಯಾರೂ ಉತ್ತರಿಸಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡಿ ನನ್ನ ಬೂಟಿನ ಕಡೆ ದೃಷ್ಟಿ ಹಾಯಿಸಿದೆ.

ಶಿಮೆಂಗ ಬೆವರುತ್ತಿದ್ದ. ಅತಿಥಿ ಕೈಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಆಚೆ ತುದಿಯ ಸುಣ್ಣದ ಮರದ ಹಿಂದಿನಿಂದ ಒಂದು ಕಂದು ಬೆನ್ನು ಇಣುಕಿ ಮರೆಯಾಯಿತು.

"ಅಗೋ," ಎಂದರು ಅತಿಥಿ ಪಿಸುದನಿಯಲ್ಲಿ, ಕಪ್ಪು ಕನ್ನಡಕ ಸರಿಮಾಡಿಕೊಳ್ಳುತ್ತ. "ಆ ಮರದ ಹಿಂದೆ. ಫಲಕದಲ್ಲಿದ್ದದ್ದೇ ಅಲ್ವಾ?"

ಅದು ಅದೇ ಹ್ಯಾಟೆ. ಪೊರಕೆ ಬಿದ್ದ ನೆಲದಲ್ಲಿ ಕೆದಕುತ್ತಿದ್ದದ್ದು, ಮನುಷ್ಯರ ಗುಂಪು ಕಂಡು ಬೆಳಗಿನ ಕತ್ತಿಯ ನೆನಪಾಗಿ ಮರಕ್ಕೆ ಒತ್ತಿಕೊಂಡು ನಿಂತಿತ್ತು. ಊರಿಗೆ ಊರೇ ಅದನ್ನು ಗುರುತು ಹಿಡಿಯಿತು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅತಿಥಿಯ ಮಾತಿಗೆ ಅಲ್ಲ ಎನ್ನುವ ನಾಲಿಗೆ ನಮ್ಮವರಿಗೆ ದೇವರು ಕೊಟ್ಟಿಲ್ಲ. ಎತ್ತು ಈಯಿತು ಎಂದು ಅತಿಥಿ ಹೇಳಿದರೆ ನಾವು ಕರು ಕಟ್ಟಲು ಹಗ್ಗ ಹುಡುಕುವವರು.

ಅತಿಥಿ ಕಸಂದಿಯ ಕಡೆ ತಿರುಗಿದರು. "ನೀವು ಹೇಳಿ ಅಮ್ಮ. ಸಹಿ ಹಾಕೋದು ನಿಮ್ಮ ಮಾತಿನ ಮೇಲೆ. ಅದೇ ತಾನೆ?"

ಕಸಂದಿ ಹ್ಯಾಟೆಯನ್ನು ನೋಡಿದಳು. ಮರಗಳಾಚೆಗಿನ ಕೆಂಪು ಗೂಟಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ಸಾಯುವವರೆಗೂ ನನ್ನ ಜೊತೆ ಇರುತ್ತದೆ. ಅಲ್ಲ ಅಂದರೆ ಕಾಡು ಕಬ್ಬಿಗೆ. ಹೌದು ಅಂದರೆ, ಮೂವತ್ತು ವರ್ಷ ತನ್ನ ಜೊತೆಗಿದ್ದ ಜೀವವನ್ನು ಊರೆದುರು ಒಂದು ಕೋಳಿ ಎಂದು ಒಪ್ಪಬೇಕು.

"ಅವಳು ಯಾರಿಗೂ ಮುಖ ಕೊಟ್ಟೋಳಲ್ಲ ಸಾಹೇಬ್ರೆ," ಎಂದಳು ಕೊನೆಗೆ. "ಇವತ್ತು ನಿಮ್ಮನ್ನ ನೋಡಿ ನಾಚಿಕೆ ಬಿಟ್ಟಿದಾಳೆ."

ಅತಿಥಿಗೆ ತುಂಬ ಸಂತೋಷವಾಯಿತು. ಫೋನಿನಲ್ಲಿ ದೂರದಿಂದಲೇ ಮೂರು ಫೋಟೊ ತೆಗೆದು, ಶಿಮೆಂಗನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು. ಹಾಕಿ, ಸುತ್ತ ಒಮ್ಮೆ ನೋಡಿ, "ಇಷ್ಟು ಶುಚಿಯಾದ ಕಾಡನ್ನ ನಾನು ಈ ದೇಶದಲ್ಲೇ ಕಂಡಿಲ್ಲ" ಎಂದರು. ಮುಹೋಂಜ ಬಾಯಿಗೆ ಕೈ ಅಡ್ಡ ಹಿಡಿದು ಕೇಕೆ ಹಾಕಿದಳು, ನಲವತ್ತು ಹೆಂಗಸರೂ ಜೊತೆಗೂಡಿದರು. ಡೋಲು ಬಡಿಯಿತು. ಆ ಗಲಾಟೆಯಲ್ಲಿ ಅತಿಥಿ ಕಾರು ಹತ್ತಿ ಹೊರಟೇಹೋದರು. ಧ್ವನಿವರ್ಧಕದ ಮುಂದೆ ಏಳು ಪುಟ ಹಿಡಿದು ನಿಂತಿದ್ದ ನಾನು ಧೂಳಿಗೆ ವಂದನಾರ್ಪಣೆ ಮಾಡಿದೆ. ಮಾಡಿದ್ದುಣ್ಣೋ ಮಹರಾಯ.

ತಿಂಗಳಾದ ಮೇಲೆ ಆದೇಶ ಬಂತು. ಮೂಲೆಕಾಡು ಉಳಿಯಿತು. ಗೂಟಗಳನ್ನು ಕಿತ್ತರು. ಕೆಳಗೆ ಒಂದು ಷರತ್ತು ಇತ್ತು: 'ನಿರ್ದೇಶಕರ ಭೇಟಿಯ ದಿನದಂದು ಕಂಡುಬಂದ ಶುಚಿತ್ವವನ್ನು ಸದಾ ಕಾಯ್ದುಕೊಳ್ಳತಕ್ಕದ್ದು. ತಪ್ಪಿದಲ್ಲಿ ಆದೇಶ ರದ್ದು.' ಪಕ್ಷಿ ರಕ್ಷಕಿಯಾಗಿ ಕಸಂದಿಯನ್ನು ನೇಮಿಸಿದ್ದರು. ಕಾಗದದ ಜೊತೆಗೆ ಒಂದು ಹಸಿರು ಕೋಟು, ಎರಡು ಪೊರಕೆ. ಹ್ಯಾಟೆಯ ಮಸುಕು ಫೋಟೊ ಮೇಲಿನ ಕಚೇರಿಯ ಗೋಡೆಯಲ್ಲಿದೆ ಎಂದು ಕೇಳಿದ್ದೇನೆ. ಇಲ್ಲಿ ಅದು ಹುಂಜಗಳ ಮೇಲೆಲ್ಲ ದರ್ಬಾರು ನಡೆಸಿಕೊಂಡು, ಮರಿ ಮಾಡಿಕೊಂಡು, ಕತ್ತಿಯ ಭಯವಿಲ್ಲದೆ ಓಡಾಡುತ್ತಿದೆ. ಅದನ್ನು ಕೊಯ್ಯಲು ಶಿಮೆಂಗನಿಗೂ ಧೈರ್ಯವಿಲ್ಲ.

ದಿನಾ ಬೆಳಿಗ್ಗೆ ಹಕ್ಕಿಗೆಂದು ಕಾಡಿಗೆ ಹೋಗುತ್ತಿದ್ದ ಕಸಂದಿ ಈಗ ಪೊರಕೆ ಹಿಡಿದು ಹೋಗುತ್ತಿದ್ದಳು. ನಾನು ಅವಳ ಎದುರು ಬೀಳದೆ ಓಡಾಡಿದೆ. ದೂರದಲ್ಲಿ ಹಸಿರು ಕೋಟು ಕಂಡರೆ ದಾರಿ ಬಿಟ್ಟು ಪೊದೆಯ ಮರೆಗೆ ಸರಿಯುತ್ತಿದ್ದೆ. ಹೀಗೆ ಎಂಟು ತಿಂಗಳು.

ಒಂದು ಬೆಳಿಗ್ಗೆ ಅವಳೇ ನಮ್ಮ ಅಂಗಳಕ್ಕೆ ಬಂದಳು. "ಏಳೋ ಮೈದುನ. ಬೂಟು ಬೇಡ, ಬರಿಗಾಲಲ್ಲಿ ಬಾ. ದಾರೀಲಿ ಮಾತಾಡ್ಬೇಡ."

"ಎಲ್ಲಿಗೆ ಅತ್ತಿಗೆ?"

"ಶುರು ಮಾಡ್ಬಿಟ್ಟೆಯಾ?"

ಗುಡಿಸಿದ ಮರಗಳ ನಡುವೆ ನಡೆದು, ಮೂಲೆಕಾಡಿನ ತೀರ ಕೊನೆಗೆ, ಹಳ್ಳದ ಕಡೆಯ ತಗ್ಗಿಗೆ ಹೋದೆವು. ಅಲ್ಲೊಂದು ಹಲಗೆ ನೆಟ್ಟಿತ್ತು. ಅವಳದೇ ಸೊಟ್ಟ ಅಕ್ಷರ: 'ಕಸದ ಗುಂಡಿ'. ತಪಾಸಣೆಗೆ ಬರುವ ಅಧಿಕಾರಿಗಳು ಆ ಹಲಗೆ ಓದಿ, ಮೂಗು ಮುಚ್ಚಿಕೊಂಡು, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರಂತೆ. ಹಲಗೆಯ ಹಿಂದೆ ಎಂಟು ತಿಂಗಳ ಎಲೆ. ಇಡೀ ಕಾಡಿನಿಂದ ಗುಡಿಸಿದ್ದನ್ನೆಲ್ಲ ಅವಳು ಹೊರಗೆ ಹಾಕದೆ ಇಲ್ಲಿಗೇ ಎಳೆದು ತಂದು ಹರಡಿದ್ದಳು. ಒಣಗಿದ ಕೊಂಬೆ, ಹಳೆಯ ಬಳ್ಳಿ, ಬಿದ್ದ ಮರದ ತುಂಡು. ಅದರ ನಡುವೆ ಮೊಣಕಾಲೆತ್ತರ ಹೊಸ ಗಿಡಗಳು ಎದ್ದಿದ್ದವು. ಹತ್ತು ಮನೆಯ ಅಂಗಳದಷ್ಟು ಜಾಗ. ನನ್ನ ಬಾಲ್ಯದ ಮಬ್ಬು ಅಲ್ಲಿ ಹಾಗೆಯೇ ಇತ್ತು.

ಮರದ ತುಂಡಿನ ಮೇಲೆ ಕೂತೆವು. ಎಲೆಗಳಡಿಯಿಂದ ಸಣ್ಣಗೆ ಮಳೆ ಹನಿಯುವಂಥ ಸದ್ದು ಬಂತು. ಸಿಯಾಫು. ದಂಡು ನಮ್ಮ ಕಾಲ ಬಳಿಯೇ ಹಾದು ಹೊರಟಿತು, ಮಿಡತೆ ಜಿರಳೆಗಳು ಹಾರಿ ಬಿದ್ದು ಓಡಿದವು. ಒಂದು ಸಿಯಾಫು ನನ್ನ ಪ್ಯಾಂಟಿನೊಳಗೆ ಹತ್ತಿ ತೊಡೆಗೆ ಬಾಯಿ ಹಾಕಿತು. ಪ್ರಾಣ ಬಾಯಿಗೆ ಬಂತು. ಕಸಂದಿ ನನ್ನ ಮುಖ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಜೀವಮಾನದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಕೂತೆ.

ಸೀಟಿ ಕೇಳಿತು. ಒಂದೇ ಎಳೆ, ಕೊನೆಯಲ್ಲಿ ಇಳಿಯುವುದು. ಈ ಸಲ ಅದು ಕಸಂದಿಯ ತುಟಿಯಿಂದ ಬಂದದ್ದಲ್ಲ.

ನನ್ನ ಅಂಗೈಯಲ್ಲಿ ಹಿಡಿಸುವಷ್ಟೇ ಇತ್ತು. ಕಂದು ಬೆನ್ನು, ಬಿಳಿ ಹೊಟ್ಟೆ, ದೊಡ್ಡ ಕಪ್ಪು ಕಣ್ಣು, ಬೆಳ್ಳಗಿನ ಉದ್ದ ಕಾಲು. ಕೊಂಬೆಯಿಂದ ಇಳಿದು, ಎರಡು ಹೆಜ್ಜೆ ಕುಪ್ಪಳಿಸಿ, ಒಂದು ಹುಳ ಹೆಕ್ಕಿ, ನಮ್ಮ ಕಡೆ ಒಮ್ಮೆ ನೋಡಿ ಹೊರಟುಹೋಯಿತು. ಅಷ್ಟೇ. ಮೂವತ್ತೊಂದು ವರ್ಷ ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ, ಅದರ ಕಾಲಿನ ಬಣ್ಣ ಒಬ್ಬರಿಗೂ ನಾನು ಹೇಳಿಕೊಟ್ಟಿರಲಿಲ್ಲ. ನನಗೆ ಅಳು ಬಂತು. ತೊಡೆಯ ಉರಿಗೆ ಬಂದದ್ದು ಎಂದು ಆಮೇಲೆ ಅತ್ತಿಗೆಗೆ ಹೇಳಿದೆ.

"ಇದನ್ನ ಬರೀಬೇಡ," ಎಂದಳು ಅವಳು, ವಾಪಸು ಬರುವಾಗ. "ಬರೆದ್ರೆ ಶಿಮೆಂಗ ಓದ್ತಾನೆ. ಓದಿದ್ರೆ ಡೋಲು ತರ್ತಾನೆ."

"ಮತ್ತೆ ನನಗ್ಯಾಕೆ ತೋರಿಸಿದ್ರಿ?"

"ಮುಂದಿನ ಸಭೆ ಇದೆಯಲ್ಲ, ಅದಕ್ಕೆ." ಹೇಳಿ ಪೊರಕೆ ಎತ್ತಿಕೊಂಡು ನಡೆದಳು.

ಅದರ ಅರ್ಥ ನನಗೆ ಸಭೆಯಲ್ಲಿ ತಿಳಿಯಿತು. ಡಾಕ್ಟರ್ ಕಲೂಮೆ ವರ್ಷ ತುಂಬಿದ ನೆನಪಿಗೆ ಮತ್ತೆ ಬರುತ್ತಾರೆಂದು ಕಾಗದ ಬಂದಿತ್ತು. ಶಾಮಿಯಾನ, ಕುರ್ಚಿ, ಕೋಳಿ ಎಲ್ಲ ಮುಗಿದ ಮೇಲೆ ಮುಹೋಂಜ ಎದ್ದು, "ಹಳ್ಳದ ಕಡೆ ಆ ಕಸದ ಗುಂಡಿ ಊರಿನ ಮಾನ ತೆಗೀತಿದೆ. ಬೆಂಕಿ ಹಾಕಿ ಗುಡಿಸ್ಬಿಡೋಣ" ಎಂದಳು. ತಲೆಗಳು ತೂಗಲು ಶುರುವಾದವು. ಕಸಂದಿ ಹಿಂದಿನ ಬೆಂಚಿನಲ್ಲಿ ಹಸಿರು ಕೋಟಿನ ಗುಂಡಿ ತಿರುಗಿಸುತ್ತ ಕೂತಿದ್ದಳು.

"ಮೇಷ್ಟ್ರೇ, ಬರ್ಕೊಳ್ಳಿ," ಎಂದ ಶಿಮೆಂಗ. "ಈ ಸಲನೂ ವಂದನಾರ್ಪಣೆ ನಿಮ್ದೇ."

ನಾನು ಪೆನ್ನು ಕೆಳಗಿಟ್ಟೆ. "ಬರೆಯೋಕೆ ಆಗಲ್ಲ ಚೇರ್ಮನ್ರೇ."

"ಯಾಕೆ?"

"ಕಾಡಲ್ಲಿ ಕಸವೇ ಇಲ್ಲ ಅಂತ ನಿರ್ದೇಶಕರ ಸಹಿ ಇದೆ. ಕಳೆದ ಎಂಟು ತಿಂಗಳು ತಪಾಸಣೆಯವರೂ ಅದನ್ನೇ ಬರೆದಿದಾರೆ. ಈಗ ಕಸಕ್ಕೆ ಬೆಂಕಿ ಹಾಕಿದ್ವಿ ಅಂತ ನಡಾವಳಿಗೆ ಏರಿಸಿದ್ರೆ, ಇಷ್ಟು ದಿನ ಕಸ ಇತ್ತು ಅಂತ ನಾವೇ ಒಪ್ಪಿದ ಹಾಗೆ. ಆದೇಶ ರದ್ದು. ಮೊದಲು ನಿಮ್ಮನ್ನೇ ಕರೆದು ಕೇಳ್ತಾರೆ."

ಶಿಮೆಂಗ ಗಲ್ಲ ಕೆರೆದುಕೊಂಡ. "ಬರೀದೆ ಬೆಂಕಿ ಹಾಕಿದ್ರೆ?"

"ಹೊಗೆ ನಿಮ್ಮ ಮಾತು ಕೇಳುತ್ತಾ? ಅದೂ ಅಲ್ದೆ ಮುಹೋಂಜಮ್ಮನೇ ಹೇಳ್ಲಿ. ನೆಂಟರಿಗೆ ಯಾರಾದ್ರೂ ಅಂಗಳ ತೋರಿಸ್ತಾರಾ, ಕಸದ ಗುಂಡಿ ತೋರಿಸ್ತಾರಾ?"

"ಛೆ, ಕಸದ ಗುಂಡಿ ಯಾರು ತೋರಿಸ್ತಾರೆ," ಎಂದಳು ಮುಹೋಂಜ, ತನ್ನ ಮರ್ಯಾದೆಗೇ ಕುಂದು ಬಂದಂತೆ.

"ಹಾಗಾದ್ರೆ ಆ ಕಡೆ ಯಾರೂ ಹೋಗೋದೇ ಬೇಡ ಅಂತ ಬರ್ಕೊಳ್ಳಿ," ಎಂದ ಶಿಮೆಂಗ. ನಾನು ಬರೆದುಕೊಂಡೆ. ಎಲ್ಲರೂ ತಲೆದೂಗಿದರು.

"ಬೇರೆ ವಿಷಯ ಏನಾದ್ರೂ ಇದೆಯಾ ಮೇಷ್ಟ್ರೇ?"

ಹಿಂದಿನ ಬೆಂಚಿನ ಕಡೆ ನೋಡಿದೆ. ತೊಡೆಯ ಮೇಲಿನ ಗಾಯ ಇನ್ನೂ ನವೆಯುತ್ತಿತ್ತು. ಬೆಳ್ಳಗಿನ ಕಾಲುಗಳ ಬಗ್ಗೆ ಏಳಲ್ಲ, ಹದಿನಾಲ್ಕು ಪುಟ ಮಾತಾಡುವಷ್ಟು ನನ್ನ ಬಾಯಲ್ಲಿ ತುಂಬಿತ್ತು.

"ಇಲ್ಲ," ಎಂದೆ. ಹಾಗೆಯೇ ಬರೆದೆ: ಬೇರೆ ವಿಷಯವಿಲ್ಲ. ಹದಿನೇಳು ವರ್ಷದ ನಡಾವಳಿ ಪುಸ್ತಕದಲ್ಲಿ ನಾನು ಬರೆದ ಸುಳ್ಳು ಬೇಕಾದಷ್ಟಿವೆ. ಅದೊಂದರ ಕೆಳಗೆ ಮಾತ್ರ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ.